ಮೊದಲ ಸ್ಕ್ಯಾನಿಗೆ ಮುಂಚೆ ಹೋದವರು

ಗದಗ,
೨೧೯೩ರ ಶ್ರಾವಣ, ಎರಡನೇ ಸೋಮವಾರ, ಮಧ್ಯಾಹ್ನ

ಯಂತ್ರಕ್ಕೆ ಕ್ಯಾನ್ಸರಿನ ಗುರುತು ಕಲಿಸುವ ಕೆಲಸಕ್ಕೆ ಈಗಷ್ಟೇ ಸೇರಿರುವ ನಿಮಗೆ,

ಮೇಲಿನ ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನನಗೆ ನಲವತ್ತು ದಾಟಿದೆ, ನೀವಿನ್ನೂ ಎಳೆಯರು. ಆದರೂ ಹಿರಿಯರು ನೀವೇ, ನಮಸ್ಕಾರ ನಾನೇ ಮಾಡಬೇಕು. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಒರಟಾಗಿ ಕೇಳಿಸಿದರೆ ಕ್ಷಮಿಸಿ. ಪಕ್ಕದ ಕೋಣೆಯಲ್ಲಿ ನಮ್ಮ ಮಾಸ್ತರು ಮಲಗಿದ್ದಾರೆ, ಅವರ ಎದೆಬಡಿತ ಬೆಳಗಿನಿಂದ ತಾಳ ತಪ್ಪುತ್ತಿದೆ. ನಯವಾಗಿ ಬರೆಯುವ ವ್ಯವಧಾನ ನನಗಿಲ್ಲ.

ನೀವು ಲಸಿಕೆ ಎನ್ನುವುದನ್ನು ನಾವು ಪಾಠ ಎನ್ನುತ್ತೇವೆ. ಮೈಯೊಳಗೆ ಕಾವಲು ಕಣಗಳಿರುತ್ತವೆ; ಕ್ಯಾನ್ಸರ್ ಮನೆಯವರದೇ ಬಟ್ಟೆ ತೊಟ್ಟು ಓಡಾಡುವ ಕಳ್ಳನಾದ್ದರಿಂದ ಅವು ಸುಮ್ಮನಿರುತ್ತವೆ. ಆ ಬಟ್ಟೆಯಲ್ಲಿ ಎಲ್ಲೋ ಒಂದು ಹೊಲಿಗೆ ಬೇರೆಯಾಗಿರುತ್ತದೆ. ಅಂಥ ಹೊಲಿಗೆಯ ಚೂರುಗಳನ್ನು ಆರಿಸಿ ಕಾವಲಿನವರಿಗೆ ತೋರಿಸಿಕೊಡುವುದೇ ಪಾಠ. ಒಬ್ಬರ ಪಾಠ ಇನ್ನೊಬ್ಬರಿಗೆ ಆಗುವುದಿಲ್ಲ. ಯಾವ ಚೂರು ಎಂದು ಯಂತ್ರ ಹೇಳುತ್ತದೆ, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ನಿಮ್ಮ ಕಾಲದವರು ಹಾಕಿಕೊಟ್ಟ ಅಡಿಪಾಯದ ಮೇಲೆ ನಾವು ಕೂತು ಉಣ್ಣುತ್ತಿದ್ದೇವೆ, ಅದನ್ನು ಮರೆತು ಬೈಯಲು ಕೂತಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಸೇರಿದವರು ಮೊದಲ ವರ್ಷ ಯಂತ್ರವನ್ನು ಮುಟ್ಟುವಂತಿಲ್ಲ. ಊರೂರು ತಿರುಗಿ 'ಮನೆ ಕೇಳಬೇಕು'. ಅಂದರೆ, ಪಾಠ ಪಡೆದು ತೀರಿಕೊಂಡವರ ಮನೆಗೆ ಹೋಗಿ, ಕೊಟ್ಟದ್ದನ್ನು ಉಂಡು, ಆ ಕೊನೆಯ ದಿನಗಳಲ್ಲಿ ಏನಾಯಿತು ಎಂದು ಕೇಳಿಕೊಂಡು ಬರಬೇಕು. ದೊಡ್ಡ ಪದವಿ ಹೊತ್ತು ಬಂದ ಹುಡುಗ ಹುಡುಗಿಯರಿಗೆ ಇದು ಅವಮಾನವೆನಿಸುತ್ತದೆ. ನನಗೂ ಅನಿಸಿತ್ತು. ಖಾರದ ಚಟ್ನಿಗೆ ಕಣ್ಣಲ್ಲಿ ನೀರು ಬಂದರೆ ಮನೆಯವರು ನಾನು ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡುತ್ತಿದ್ದರು. ರೋಣದ ಕಡೆಯ ಒಬ್ಬ ತಾಯಿ ಮಾತ್ರ ಸಮಾಧಾನ ಮಾಡಲಿಲ್ಲ. ಸೂಜಿ ಹಾಕಿದ ಮರುದಿನದಿಂದ ತನ್ನ ಗಂಡನಿಗೆ ಏನಾಯಿತೆಂದು ಒಂದೇ ಮಾತಿನಲ್ಲಿ ಹೇಳಿದಳು: "ಎದಿ ಹಾರಾಕತ್ತಿತ್ರೀ, ಗುಬ್ಬಿ ಹಿಡದಂಗ."

ಈ ಪದ್ಧತಿ ಶುರು ಮಾಡಿದವರೇ ನಮ್ಮ ಮಾಸ್ತರು, ಚನ್ನವೀರಪ್ಪ ಹೊಂಬಳ. ಎದುರು ಕುರ್ಚಿಯನ್ನು ಹಾಕಿಸಿದವರೂ ಅವರೇ. ಪಾಠ ಸಿದ್ಧವಾದ ದಿನ ಒಬ್ಬರು ಆ ಕುರ್ಚಿಯಲ್ಲಿ ಕೂತು ಯಂತ್ರ ಹೇಳಿದ್ದಕ್ಕೆಲ್ಲ ತಕರಾರು ತೆಗೆಯಬೇಕು. ಬೇಡವೆನಿಸಿದರೆ ಪಾಠವನ್ನು ತಡೆಯುವ ಅಧಿಕಾರವೂ ಅವರಿಗಿದೆ. ನನ್ನನ್ನು ಅಲ್ಲಿ ಕೂರಿಸುವಾಗ ಮಾಸ್ತರು ಹೇಳಿದ್ದಿಷ್ಟು: "ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋರು ನಮಗ ಬ್ಯಾಡ ಸುವರ್ಣಾ. ನೀ ಜಗಳಗಂಟಿ ಅದೀ, ನೀನ ಕೂಡು." ಅವತ್ತಿನಿಂದ ನನ್ನ ಜಗಳಕ್ಕೆ ಸಂಬಳ ಬರುತ್ತಿದೆ.

ಈಗ ಕ್ಯಾನ್ಸರ್ ಬಂದಿರುವುದು ಅವರಿಗೆ. ಪುಪ್ಪುಸದಿಂದ ಲಿವರಿಗೆ ಇಳಿದಿದೆ. ಯಂತ್ರ ನಾಲ್ಕು ಚೂರು ಆರಿಸಿತು. ಮೂರರ ಬಗ್ಗೆ ನನಗೆ ಚಿಂತೆಯಿಲ್ಲ. ನಾಲ್ಕನೆಯದೇ ಎಲ್ಲಕ್ಕಿಂತ ಬಲವಾದದ್ದು, ಮತ್ತು ಅದೇ ಹೃದಯದ ಸ್ನಾಯುವಿನ ಒಂದು ಚೂರನ್ನು ತುಸು ಹೋಲುತ್ತದೆ. ಕಾವಲಿನವರು ಗುರುತು ತಪ್ಪಿದರೆ ಕಳ್ಳನನ್ನು ಬಿಟ್ಟು ಮನೆ ಯಜಮಾನನನ್ನೇ ಬಡಿಯುತ್ತಾರೆ. ಯಂತ್ರ ಅಪಾಯವಿಲ್ಲ ಎಂದಿತು. ಯಾಕೆ ಹಾಗೆಂದಿತು ಗೊತ್ತೇ? ಈ ಜಾತಿಯ ಚೂರುಗಳನ್ನು ಧಾರಾಳವಾಗಿ ಬಳಸಿದ್ದು ನಿಮ್ಮ ಕಾಲದಲ್ಲಿ ಮಾತ್ರ, ಆಮೇಲೆ ರೂಢಿ ತಪ್ಪಿತು. ಹಾಗಾಗಿ ಯಂತ್ರಕ್ಕೆ ಇದರ ಬಗ್ಗೆ ಗೊತ್ತಿರುವುದೆಲ್ಲ ನೀವು ಕಲಿಸಿದ್ದೇ.

ನೀವು ಯಂತ್ರಕ್ಕೆ ಕೇಳಿದ ಪ್ರಶ್ನೆ ಒಂದೇ: ಗಡ್ಡೆ ಕುಗ್ಗಿತೋ ಇಲ್ಲವೋ? ಉತ್ತರ ಸಿಗುವುದು ಮೊದಲ ಸ್ಕ್ಯಾನಿನಲ್ಲಿ. ಆ ಸ್ಕ್ಯಾನಿಗೆ ಮುಂಚೆಯೇ ಸತ್ತವರ ಗಡ್ಡೆ ಕುಗ್ಗಿತೋ ಬೆಳೆಯಿತೋ ಯಾರಿಗೂ ತಿಳಿಯದು. ಉತ್ತರವಿಲ್ಲದ ಸಾಲು ಯಂತ್ರಕ್ಕೆ ಉಪಯೋಗವಿಲ್ಲವೆಂದು ಅವರನ್ನು ಕೈಬಿಟ್ಟಿರಿ. ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅಕ್ಕಿ ಆರಿಸುವವರು ಕಲ್ಲು ತೆಗೆದಂತೆ ತೆಗೆದಿರಿ, ಅಷ್ಟೇ. ಆದರೆ ಅವರಲ್ಲಿ ಕೆಲವರಾದರೂ ಎದೆ ಹಾರಿ ಸತ್ತಿದ್ದರೆ? ಯಂತ್ರಕ್ಕೆ ಬದುಕಿ ಸ್ಕ್ಯಾನಿಗೆ ಬಂದವರಷ್ಟೇ ಗೊತ್ತು. ಸತ್ತವರನ್ನೆಲ್ಲ ಎಣಿಕೆಯಿಂದ ತೆಗೆದರೆ ಯಾವ ಊರಾದರೂ ಚಿರಂಜೀವಿಗಳ ಊರೇ. ಇದು ಗುಟ್ಟೇನಲ್ಲ, ನಮ್ಮಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ. ಹೇಳಿ ಏನು ಬಂತು, ಹೋದವರ ಮನೆಗಳೂ ಹೋಗಿವೆ. ಈಗ ಯಾರನ್ನು ಕೇಳೋಣ?

ಶನಿವಾರ ನಾನು ಕುರ್ಚಿಯಲ್ಲಿ ಕೂತೆ. ನಮ್ಮ ಕಾಲದಲ್ಲಿ ಅಪರೂಪಕ್ಕೆ ಇಂಥದೇ ಚೂರು ಪಡೆದಿದ್ದ ರೋಣದ ಆ ಒಬ್ಬನ ಕತೆ ಹೇಳಿದೆ. ಒಂದು ಸಾವಿನಿಂದ ಏನೂ ಸಾಬೀತಾಗುವುದಿಲ್ಲ ಎಂದರು ಅಲ್ಲಿದ್ದ ವೈದ್ಯರು, ಅದೂ ನಿಜವೇ. ಮಾಸ್ತರು ರೋಗಿಯ ಜಾಗದಲ್ಲಿ ಕೂತು, ಪರೀಕ್ಷೆಯಲ್ಲಿ ಶಿಷ್ಯೆಯ ಉತ್ತರ ಕೇಳುವವರಂತೆ ನಗುತ್ತಿದ್ದರು. ಅವರ ಹೆಂಡತಿ ನೀಲವ್ವನವರಿಗೆ ಸಿಟ್ಟು ನೆತ್ತಿಗೇರಿತು. "ಮಷಿನ್ನು ಹಾಕ್ರಿ ಅಂತೈತಿ, ನೀ ಬ್ಯಾಡ ಅಂತೀ, ಇವ್ರು ನೋಡಿದ್ರ ಹಲ್ಲು ಕಿಸೀತಾರ. ನಾ ಯಾರ ಮಾತು ಕೇಳ್ಲಿ ಯವ್ವಾ?" ನಾಲ್ಕನೆಯ ಚೂರು ತೆಗೆದರೆ ಮಾಸ್ತರು ದೀಪಾವಳಿ ಕಾಣುವುದಿಲ್ಲ, ಇದು ಖಚಿತ. ಹಾಕಿದರೆ ವರ್ಷಗಟ್ಟಲೆ ಬದುಕಬಹುದು, ಅಥವಾ ಈ ವಾರವೇ ಎದೆ ನಿಲ್ಲಬಹುದು. ಕೊನೆಗೆ ಮಾಸ್ತರೇ ಅಂದರು: "ನಿನ್ನ ತಕರಾರು ಚಲೋ ಐತಿ. ಆದ್ರ ರುಜುವಾತು ಇಲ್ಲ. ಹಾಕ್ರಿ." ತಡೆಯುವ ಅಧಿಕಾರ ಆಗಲೂ ನನ್ನ ಕೈಯಲ್ಲಿತ್ತು. ನಾನು ತಡೆಯಲಿಲ್ಲ.

ಇವತ್ತು ಬೆಳಗ್ಗೆ ಅವರೇ ನನ್ನನ್ನು ಒಳಗೆ ಕರೆದು, ನನ್ನ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ರೋಣದ ತಾಯಿ ಹೇಳಿದ್ದೇನೆಂದು ನನ್ನ ಅಂಗೈಗೆ ತಿಳಿಯಿತು. ವೈದ್ಯರು ಕಾವಲಿನವರನ್ನು ತಣ್ಣಗಾಗಿಸುವ ಔಷಧಿ ಕೊಟ್ಟಿದ್ದಾರೆ, ಫಲ ಗೊತ್ತಾಗಲು ಸಂಜೆಯಾಗಬೇಕಂತೆ. ನೀಲವ್ವನವರು ಶ್ರಾವಣ ಸೋಮವಾರದ ಉಪವಾಸದಲ್ಲೇ ಬಾಗಿಲ ಬಳಿ ಕೂತಿದ್ದಾರೆ, ನನ್ನ ಮುಖ ನೋಡುತ್ತಿಲ್ಲ. ನನಗೆ ಹೆದರಿಕೆಯಾಗಿದೆ. ಜಗಳಗಂಟಿಗೂ ಹೆದರಿಕೆಯಾಗುತ್ತದೆ.

ಹಿರಿಯರೇ, ನನ್ನ ಕೋರಿಕೆ ಇಷ್ಟೇ. ನಾಳೆಯೋ ನಾಡಿದ್ದೋ ನೀವು ಆ ಸಾಲುಗಳ ಮುಂದೆ ಕೂರುತ್ತೀರಿ. ಸ್ಕ್ಯಾನ್ ಇಲ್ಲ, ಉತ್ತರವಿಲ್ಲ, ತೆಗೆದುಬಿಡೋಣ ಎಂದು ಪಕ್ಕದವರು ಹೇಳುತ್ತಾರೆ. ತೆಗೆಯಬೇಡಿ. ಎದ್ದು ಆ ಮನೆಗಳಿಗೆ ಹೋಗಿ. ಬಾಗಿಲು ತೆರೆಯುವವರು ಇನ್ನೂ ಇದ್ದಾರೆ, ಅವರಿಗೆ ಎಲ್ಲ ನೆನಪಿದೆ, ಕೊಟ್ಟದ್ದನ್ನು ಉಂಡು ಕೇಳಿಕೊಳ್ಳಿ. ಬಂದದ್ದನ್ನು ಯಂತ್ರಕ್ಕೂ ಕಲಿಸಿ. ನೀವು ಹಾಗೆ ಮಾಡಿದರೆ ಶನಿವಾರ ನನ್ನ ಕೈಯಲ್ಲಿ ರುಜುವಾತು ಇರುತ್ತಿತ್ತು, ಆ ಚೂರಿನ ಬದಲು ಇನ್ನೊಂದನ್ನು ಹುಡುಕಲು ಯಂತ್ರಕ್ಕೂ ಬುದ್ಧಿ ಇರುತ್ತಿತ್ತು, ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಓದುತ್ತಿರುವಾಗಲೇ ಈ ಕಾಗದ ನಿಮ್ಮ ಕೈಯಲ್ಲಿ ಬರಿದಾಗಿ ಹೋಗಲಿ ಎಂದೇ ನನ್ನ ಆಸೆ.

ನೀಲವ್ವನವರು ಎದ್ದು ನಿಂತು ನನ್ನ ಹೆಸರು ಕರೆಯುತ್ತಿದ್ದಾರೆ. ಹೋಗಬೇಕು. ಬೆಳಗ್ಗೆ ನನ್ನ ಕೈ ಬಿಡುವ ಮೊದಲು ಮಾಸ್ತರು ಹೇಳಿದ್ದನ್ನು ನಿಮಗೂ ಒಪ್ಪಿಸಿಬಿಡುತ್ತೇನೆ: "ಸ್ಕ್ಯಾನಿಗಿಂತ ಮೊದಲ ನಾ ಹ್ವಾದ್ರ, ನನ್ನ ಬಿಟ್ಟು ಎಣಸಬ್ಯಾಡ."

ಸುವರ್ಣಾ ಲಕ್ಕುಂಡಿ