ಅಕ್ಕನ ಚಿತ್ರದ ಬಟನ್

ಮನೆಯಿಂದ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಅಕ್ಷರ ಕೋಳಿ ಕೆದರಿದಂತಿದೆ, ತಪ್ಪುಗಳೂ ಇರುತ್ತವೆ, ಹೊಟ್ಟೆಗೆ ಹಾಕಿಕೊಂಡು ಓದು. ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಹೆಬ್ಬೆರಳು ಸುಟ್ಟಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಬೆರಳು ಸುಡದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ ಬಿಡು. ನೀನು ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ತಲೆನೋವು ಅಂದಿದ್ದೆಯಲ್ಲ, ಕಡಿಮೆಯಾಯಿತಾ? ಹೊತ್ತು ಹೊತ್ತಿಗೆ ಉಣ್ಣು.

ಅಮ್ಮ ಹಾಗೇ ಇದ್ದಾಳೆ. ಬಲಗೈ ಏಳುವುದಿಲ್ಲ, ಮಾತೂ ಬಂದಿಲ್ಲ. ನೀನು ಹೋಗುವ ಮುಂಚೆ ಅವಳಿಗೆಂದು ನನ್ನ ದನಿ ರೆಕಾರ್ಡ್ ಮಾಡಿ ಕಂಪ್ಯೂಟರಿನ ಟಚ್ ಸ್ಕ್ರೀನಿನಲ್ಲಿ ಬಟನ್ ಮಾಡಿಟ್ಟೆಯಲ್ಲ, ನೀರು, ನೋವು, ಕಿಟಕಿ ಎಂದು, ಅವನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ನೋವಾದರೂ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಲಕ್ವ ಹೊಡೆದ ಮೇಲೆ ಅವಳಿಗೆ ಓದಲು ಆಗುತ್ತಿಲ್ಲವೆಂದು ನನಗೆ ತಡವಾಗಿ ಹೊಳೆಯಿತು. ಅಕ್ಷರದ ಬದಲು ಚಿತ್ರ ಹಾಕೋಣವೆಂದು ಕೂತೆ. ನೀನು ಕಲಿಸಿದಷ್ಟನ್ನೇ ನೆನೆಸಿಕೊಂಡು, ಚಿತ್ರ ತೆರೆಯುವ ಇಮೇಜ್ ಎಂಬುದನ್ನು ಇಂಪೋರ್ಟ್ ಮಾಡುವ, ಅಂದರೆ ಹೊರಗಿಂದ ತರಿಸಿಕೊಳ್ಳುವ ಸಾಲನ್ನು ನಿನ್ನ ಪ್ರೋಗ್ರಾಮಿನಲ್ಲಿ ಬರೆದೆ. 'ನನ್ನ ಸಾಲು ಮುಟ್ಟಿದರೆ ನೋಡು' ಎಂದು ನೀನು ಗದರಿದ್ದು ಕಿವಿಯಲ್ಲೇ ಇತ್ತು. ಅದಕ್ಕೇ ನಿನ್ನದಕ್ಕೆ ಕೈ ಹಚ್ಚದೆ, ನನ್ನದನ್ನು ಎಲ್ಲಕ್ಕಿಂತ ಮೇಲೆ ಒಂದು ಮೂಲೆಯಲ್ಲಿ ಕೂರಿಸಿದೆ. ಚಿತ್ರ ಬರಲೇ ಇಲ್ಲ. ಇಮೇಜ್‌ಗೆ 'ಓಪನ್' ಎನ್ನುವುದೇ ಇಲ್ಲ ಎಂದು ಕೆಂಪಕ್ಷರ ಬಂತು. ಕೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಬಟನ್ ಒತ್ತಿದರೆ ನನ್ನದೇ ದನಿ ನನಗೆ 'ನೀರು' ಎನ್ನುತ್ತದೆ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಅದೊಂದೇ.

ಕೊನೆಗೆ ನಾಚಿಕೆ ಬಿಟ್ಟು, ಮೊಬೈಲ್ ರಿಪೇರಿ ಮಾಡುವ ಸೋಡಾಬುಡ್ಡಿಯ ಹತ್ತಿರ ಹೋದೆ. ನಿನ್ನ ಸಾಲು ನೋಡಿ ನಕ್ಕ. ಪರದೆಯ ಮೇಲೆ ಬಟನ್ ಎಲ್ಲ ತರಿಸುವ ಸಾಲಿನಲ್ಲಿ ನೀನು ನಕ್ಷತ್ರದ ಗುರುತು ಹಾಕಿದ್ದೀಯಂತೆ. ಹಾಗೆ ಮಾಡಿದರೆ ಬಟನ್ ಇರುವ ಆ ಕಟ್ಟಿನೊಳಗಿನ ಹೆಸರೆಲ್ಲ ಒಟ್ಟಿಗೇ ನುಗ್ಗುತ್ತವಂತೆ. ಅದರಲ್ಲೂ ಒಂದು ಇಮೇಜ್ ಇತ್ತು. ಆಮೇಲೆ ಬಂದು ನನ್ನದನ್ನು ಮುಚ್ಚಿಹಾಕಿತು. 'ಒಂದೇ ಮನೇಲಿ ಇಬ್ರು ಪುಟ್ಟಿಯರಿದ್ರೆ, ಪುಟ್ಟೀ ಅಂತ ಕರೆದಾಗ ಕೊನೇಲಿ ಬಂದವಳು ಓ ಅಂತಾಳೆ. ಯಾರ ಪುಟ್ಟಿ ಅಂತ ಸೇರಿಸಿ ಕರಿ' ಎಂದ. ನನ್ನ ಸಾಲನ್ನು ಕೆಳಗಿಟ್ಟರೂ ಸದ್ಯಕ್ಕೆ ನಡೆಯುತ್ತಂತೆ, ಆದರೆ ಮುಂದೆ ಇನ್ನೊಂದು ಕಡೆ ಕೈಕೊಡುತ್ತಂತೆ. ಹಾಗಾದರೆ ಕೆಳಗೇ ಇಡುತ್ತೇನೆ ಎಂದಿದ್ದಕ್ಕೆ 'ಯಾಕೆ, ನಿಮ್ಮಕ್ಕನ ಸಾಲು ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?' ಎಂದು ಬೇರೆ ಕಿಚಾಯಿಸಿದ. ಮುಟ್ಟಿದೆ ಅಕ್ಕಾ. ನಕ್ಷತ್ರ ತೆಗೆದು, ನಿನ್ನ ಒಂದೊಂದು ಬಟನ್ನಿನ ಹೆಸರಿನ ಮೊದಲಿಗೂ ಅದು ಎಲ್ಲಿಂದ ಬಂತೆಂದು ಸೇರಿಸುತ್ತ ಹೋದೆ. ನಿನ್ನ ಪಕ್ಕದಲ್ಲೇ ಕೂತು ಬರೆದ ಹಾಗನ್ನಿಸಿತು.

ಈಗ ಚಿತ್ರ ಬರುತ್ತಿದೆ. ಲೋಟ ಒತ್ತಿದಳು, ನೀರು ಕೊಟ್ಟೆ. ಕಿಟಕಿ ಒತ್ತಿದಳು, ತೆಗೆದೆ. ಒತ್ತಿದ್ದು ಸಿಗುತ್ತದೆಂದು ಗೊತ್ತಾದಾಗ ಅವಳ ಅರ್ಧ ಮುಖ ನಕ್ಕಿತು. ಅಮ್ಮನಿಂದ ನಿನಗೆ ಆಶೀರ್ವಾದ. ಎಡಗೈಯನ್ನು ಈ ಕಾಗದದ ಮೇಲೆ ಇಡಿಸಿದ್ದೇನೆ.

ನಿನ್ನ
ಪುಟ್ಟಿ

ಮರೆತಿದ್ದೆ: ಅವಳು ನೋಡಿ ಖುಷಿಪಡಲಿ ಎಂದು ಕೊನೆಯ ಬಟನ್ನಿಗೆ ನಿನ್ನ ಫೋಟೊ ಹಾಕಿದ್ದೆ. ಈಗ ದಿನವಿಡೀ ಅದನ್ನೇ ಒತ್ತುತ್ತಾಳೆ. ನನ್ನ ದನಿ 'ಅಕ್ಕ' ಎನ್ನುತ್ತದೆ, ಅವಳು ಬಾಗಿಲು ನೋಡುತ್ತಾಳೆ. ಆ ಬಟನ್ ತೆಗೆಯಲು ನನ್ನ ಕೈಲಾಗದು, ತೆಗೆಯುವುದಾದರೆ ನೀನೇ ಬಂದು ತೆಗೆ. ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಪರದೆ ಒರೆಸಿದೆ. ನಿನ್ನ ಮುಖದ ಮೇಲೆ ಅವಳ ಬೆರಳಚ್ಚಿತ್ತು, ಅಷ್ಟು ಜಾಗ ಬಿಟ್ಟು ಒರೆಸಿದೆ.