ಕುಮ್ಮಕ್ಕು ಎಂದರೇನು

ಮಾರ್ಚ್ ೧೧

ಮುದ್ದಿನ ಗುಬ್ಬಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ತೀರಿಕೊಂಡ ಅಪ್ಪನ ಪೆಟ್ಟಿಗೆಯಲ್ಲಿ ಗಿರಣಿಯ ವಜಾ ಆದೇಶ ಸಿಕ್ಕಿತೆಂದೂ, ಅದರಲ್ಲಿ ‘ಕುಮ್ಮಕ್ಕು ನೀಡಿದ ಕಾರಣ’ ಎಂದಿದೆಯೆಂದೂ ಬರೆದಿದ್ದೀಯ. ಹಾಗೆಂದರೇನು, ಅಪ್ಪ ಅಂಥದ್ದೇನು ಮಾಡಿದ್ದರು ಎಂದು ಕೇಳಿದ್ದೀಯ.

ಇನ್ನೊಬ್ಬರನ್ನು ಒಂದು ಕೆಲಸಕ್ಕೆ ಹಚ್ಚುವುದು, ಅಷ್ಟೇ ಅರ್ಥ. ಆದರೆ ಓದಲು ಹಚ್ಚಿದ ಮೇಷ್ಟರು ಕುಮ್ಮಕ್ಕು ಕೊಟ್ಟರು ಎಂದು ಯಾರೂ ಹೇಳುವುದಿಲ್ಲ, ಅದು ಪ್ರೋತ್ಸಾಹ. ಕಲ್ಲು ಹೊಡೆಸಿದವನದು ಕುಮ್ಮಕ್ಕು. ಈ ಪದ ಬರೆದರೆ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ.

ನಡೆದದ್ದು ಇಷ್ಟು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಹಬೆಯ ಪೈಪು ಸೀಳಿ ಇಬ್ಬರ ಕೈ ಬೆಂದಿತ್ತು. ಫಿಟ್ಟರಾಗಿದ್ದ ನಿಮ್ಮಪ್ಪ ಮೂರು ದಿನ ಮ್ಯಾನೇಜರಿಗೆ ಹೇಳಿ ಸೋತ. ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು, ‘ಪೈಪು ಸರಿ ಹೋಗೋವರೆಗೂ ಒಳಗೆ ಕಾಲಿಡಬೇಡ್ರಪ್ಪ. ಬೆಂದ ಕೈನ ಬಟ್ಟೆ ಥರ ಇಸ್ತ್ರಿ ಮಾಡೋಕಾಗಲ್ಲ’ ಎಂದ. ಜನ ನಕ್ಕರು. ಅರುವತ್ತು ಮಂದಿ ಹೊರಗೇ ಉಳಿದರು.

ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಂಡ ಗಿರಣಿಯ ಗುಮಾಸ್ತ ನಾನು. ಪ್ರತಿ ಹೇಳಿಕೆಯ ಸಾರವನ್ನು ಅಂಚಿನಲ್ಲಿ ಒಂದೇ ಸಾಲಿಗೆ ಇಳಿಸುವುದು ನಮ್ಮ ಕಚೇರಿಯ ರೂಢಿ. ಮೇಲಿನವರು ಓದುತ್ತಿದ್ದುದು ಅದನ್ನಷ್ಟೇ. ‘ಅಪಾಯದ ಎಚ್ಚರಿಕೆ ನೀಡಿದರು’ ಎಂದು ಬರೆಯಬಹುದಿತ್ತು. ‘ಕುಮ್ಮಕ್ಕು ನೀಡಿದರು’ ಎಂದು ಬರೆದೆ. ಆದೇಶ ಆ ಸಾಲನ್ನೇ ಎತ್ತಿಕೊಂಡಿತು. ಅಂದು ಹನ್ನೆರಡು ಹೇಳಿಕೆಗಳಿದ್ದವು, ಕೈ ಓಡಿದಂತೆ ಬರೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆಮೇಲೆ ಯಾವ ಗಿರಣಿಯೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೊನೆಯವರೆಗೂ ಸೈಕಲ್ ರಿಪೇರಿ ಮಾಡಿದ. ನನ್ನ ತಂಗಿ, ನಿಮ್ಮಮ್ಮ, ನಮ್ಮ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟಳು. ಆ ಸಾಲು ಯಾರ ಕೈಬರಹವೆಂದು ಅವಳಿಗೆ ಗೊತ್ತು.

ನಿಮ್ಮಪ್ಪ ತಪ್ಪು ಮಾಡಿರಲಿಲ್ಲ. ಆದೇಶವನ್ನು ಹರಿಯಬೇಡ, ಈ ಕಾಗದವನ್ನೂ ಅದರ ಜೊತೆಗಿಡು.

ಇಂತು,
ನಿನ್ನ ಸೋದರಮಾವ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬಾಗಿಲಲ್ಲಿ ನಿಂತ ದಿನದ ಹಿಂದಿನ ಸಂಜೆ ನಿಮ್ಮಪ್ಪ ಹಿಂಜರಿದಿದ್ದ. ‘ಮನೇಲಿ ಮಗು ಇದೆ ಭಾವ’ ಎಂದಿದ್ದ. ‘ನೀನೇ ಹೋಗಿ ನಿಂತ್ಕೊ, ನಿನ್ನ ಮಾತು ಕೇಳ್ತಾರೆ, ನಾನಿದೀನಲ್ಲ’ ಎಂದು ಕಳಿಸಿದವನು ನಾನು. ವಿಚಾರಣೆಯಲ್ಲಿ ‘ನಿನ್ನ ಹಿಂದೆ ಯಾರಿದ್ದಾರೆ’ ಎಂದು ಮೂರು ಸಲ ಕೇಳಿದರು. ಪೆನ್ನು ಹಿಡಿದು ಅವನೆದುರಿಗೇ ಕೂತಿದ್ದೆ. ನನ್ನ ಕಡೆ ನೋಡದೆ, ‘ಯಾರೂ ಇಲ್ಲ ಸಾರ್’ ಎಂದ. ಅದನ್ನೂ ಬರೆದುಕೊಂಡೆ. ಇದು ನಿಮ್ಮಮ್ಮನಿಗೆ ಗೊತ್ತಿಲ್ಲ. ಅವಳಿಗೆ ಓದಿ ಹೇಳು.