ಗೃಹಪ್ರವೇಶಕ್ಕೆ ಮುಂಚೆ ಬರುವವಳು

ಕೃಷ್ಣರಾಜನಗರ
೯-೩-೨೦೦೪

ಹುಣಸೂರಿನ ಕಂಟ್ರಾಕ್ಟರ್ ಸ್ವಾಮಿಯವರಿಗೆ ಶಾಂತಲಾ ಬರೆಯುವುದು.

ಗಂಡನ ಹೆಸರು ಬರೆಯಬಾರದೆಂದು ಅಮ್ಮ ಕಲಿಸಿದ್ದಳು. ಇವತ್ತು ಬರೆದೆ.

ನಿನ್ನೆ ಬಸವರಾಜು ಭಾವ ಬಂದಿದ್ದರು. ನೀವು ಬರಲು ಮುಖವಿಲ್ಲದೆ ಅಣ್ಣನನ್ನು ಕಳಿಸಿದ್ದೀರಿ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಮುಟ್ಟದೆ, "ನಿನ್ನಿಂದ ಒಂದು ಮಾತು ಆಗ್ಬೇಕು ಕಣವ್ವ" ಎಂದರು. "ನೆಲ ತೊಳ್ಯೋವಾಗ ಆಸಿಡ್ ಜಾಸ್ತಿ ಹಾಕ್ಬುಟ್ಟೆ, ಅದ್ಕೇ ಕಲ್ಯಾಣ ಮಂಟಪದ ಮೋಲ್ಡು ಕೆಟ್ಟೋಯ್ತು ಅಂತ ಚಿಕ್ಕಬಸಪ್ಪೋರ ಮುಂದೆ ಒಪ್ಕೊಬುಡು. ಸ್ವಾಮಿ ನಿನ್ನ ಮನೆಗೆ ಕರ್ಕತಾನಂತೆ. ಹಿಂದುಗಡೆ ರೂಮು ನಿಂಗೇ ಬುಟ್ಕೊಡ್ತಾನಂತೆ." ಉತ್ತರವನ್ನು ಅವರ ಕೈಲಿ ಹೇಳಿ ಕಳಿಸಲಿಲ್ಲ. ಅವರು ಒಳ್ಳೆಯವರು, ದಾರಿಯಲ್ಲಿ ಅರ್ಧ ನುಂಗಿಬಿಡುತ್ತಾರೆ. ಅದಕ್ಕೇ ಈ ಕಾಗದ.

ಯಾವ ಮನೆಯ ಹಿಂದಿನ ರೂಮು? ಗೋಡೆ ಏಳುವಾಗ ಬೆಳಗ್ಗೆ ಸಂಜೆ ಕೊಡ ಹೊತ್ತು ಅದಕ್ಕೆ ನೀರು ಹಾಕಿದವಳು ನಾನು. ಗೃಹಪ್ರವೇಶ ಕಾರ್ತೀಕಕ್ಕೆ ಮುಂದೆ ಹೋಯಿತು, ಅಷ್ಟರಲ್ಲಿ ತವರಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬಾ ಎಂದು ನೀವೇ ನನ್ನನ್ನು ಬಸ್ಸು ಹತ್ತಿಸಿದಿರಿ. ಹಾಲುಕ್ಕಿಸಲೆಂದು ಹುಣಸೆಹಣ್ಣು ಹಾಕಿ ಬೆಳಗಿಟ್ಟ ಹಿತ್ತಾಳೆ ಪಾತ್ರೆ ಅಲ್ಲೇ ಇತ್ತು. ಮರುವಾರವೇ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮೂರಿನ ಹೂವಿನ ಪುಟ್ಟತಾಯಮ್ಮ ಸಿಕ್ಕಿದಳು. "ನಿಮ್ಮನೆ ಗೃಹಪ್ರವೇಶದ ಊಟ ಬಲು ಚೆಂದಾಗಿತ್ತು ಕಣವ್ವ, ನೀನ್ಯಾಕೆ ಕಾಣ್ಲೇ ಇಲ್ಲ? ಪೂಜೇಲಿ ಅವ್ರ ಪಕ್ಕ ಕೂತಿದ್ದ ಹುಡ್ಗಿ ಯಾರು?" ಎಂದು ಕೇಳಿದಳು. ಕಾವ್ಯಶ್ರೀ ಎಂಬ ಹೆಸರು ನನಗೆ ತಿಳಿದದ್ದು ಅದಾದ ಮೇಲೆ.

ತಿಂಗಳುಗಟ್ಟಲೆ ಮೂಲೆ ಹಿಡಿದವಳನ್ನು ಎಬ್ಬಿಸಿದ್ದು ಪಕ್ಕದ ಮನೆಯ ಭದ್ರಮ್ಮ. ಅವರು ಗಾರೆ ಕೆಲಸಕ್ಕೆ ಹೋಗುತ್ತಿದ್ದ ಒಂದು ಹೊಸ ಮನೆಯಲ್ಲಿ ಗೃಹಪ್ರವೇಶ ಹತ್ತಿರ ಬಂದಿತ್ತು. ನೆಲದ ತುಂಬ ಸಿಮೆಂಟಿನ ಕಲೆ, ಕಿಟಕಿ ಗಾಜಿಗೆಲ್ಲ ಪೇಂಟು. ಮನೆಯೊಡತಿ ಅಳುತ್ತ ಕೂತಿದ್ದರು. ಕಟ್ಟಿದವರು ಮೇಲೆ ಮೇಲೆ ಗುಡಿಸಿ ಹೋಗುತ್ತಾರೆ, ಉಜ್ಜುವುದಿಲ್ಲ. ಬ್ಲೇಡು, ತೆಂಗಿನ ನಾರು, ಸೋಪಿನ ಪುಡಿ, ನೀರು ಬೆರೆಸಿದ ಆಸಿಡ್ ಹಿಡಿದು ನಾವಿಬ್ಬರೂ ಒಳಗೆ ಹೋದೆವು. ಬೆರಳ ತುದಿ ಸುಟ್ಟು ಎಷ್ಟೋ ದಿನ ಅನ್ನ ಕಲಸಲಾಗಲಿಲ್ಲ. ಆದರೆ ಸಂಜೆ ಆ ನೆಲ ಹೊಳೆಯುವುದನ್ನು ನೋಡುತ್ತ ನಿಂತಾಗ, ಈ ಮನೆಯೊಳಗೆ ಪುರೋಹಿತರಿಗಿಂತ, ಹಸುವಿಗಿಂತ ಮೊದಲು ಬಂದವಳು ನಾನು ಅನ್ನಿಸಿತು. ಇನ್ನು ಇದೇ ನನ್ನ ಕೆಲಸ ಎಂದು ಭದ್ರಮ್ಮನಿಗೆ ಅಲ್ಲೇ ಹೇಳಿದೆ.

ಜನ ನಕ್ಕರು. "ಕಸ ಗುಡ್ಸಕ್ಕೂ ಕಂಟ್ರಾಕ್ಟಾ?" ಎಂದರು. ಈಗ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ, ಪೇಂಟರು ಏಣಿ ಇಳಿಸಿದ ಕೂಡಲೇ ನನಗೆ ಹೇಳಿ ಕಳಿಸುತ್ತಾರೆ. ಟೆಂಪೊದಲ್ಲಿ ಬಕೆಟ್ಟು, ಗೋಣಿತಟ್ಟು ಹೇರಿಕೊಂಡು ನಾವು ಹೆಂಗಸರು ಹೋಗುತ್ತೇವೆ.

ಒಮ್ಮೆ ಆಸಿಡ್ ಕ್ಯಾನು ಹಿಡಿದು ನಿಮ್ಮ ಮನೆಗೂ ಬಂದಿದ್ದೆ. ನಿಮ್ಮ ಹೊಳೆಯುವ ಮಾರ್ಬಲ್ ನೆಲಕ್ಕೆ, ನೀರು ಬೆರೆಸದೆ, ಸುರಿಯಬೇಕೆಂದು. ಕಾವ್ಯಶ್ರೀ ಬಾಗಿಲು ತೆಗೆದು, "ಯಾರು ಬೇಕಿತ್ತಕ್ಕ?" ಎಂದಳು. ಅವಳಿಗೆ ನಿಜವಾಗಿ ನನ್ನ ಗುರುತಿರಲಿಲ್ಲ. ನನ್ನ ಒಂದು ಫೋಟೋವನ್ನೂ ನೀವು ಉಳಿಸಿರಲಿಲ್ಲ. ಮನೆ ತಪ್ಪಿ ಬಂದೆ ಎಂದು ಹೇಳಿ ವಾಪಸು ಬಂದೆ. ನೆಲ ಕೆಟ್ಟರೆ ನೀವು ಬೇರೆ ಹಾಕಿಸುತ್ತೀರಿ. ಹೆಸರು ಕೆಟ್ಟರೆ ಏನು ಮಾಡುತ್ತೀರಿ ಎಂದು ಬಸ್ಸಿನಲ್ಲಿ ಯೋಚಿಸಿದೆ.

ಪಿರಿಯಾಪಟ್ಟಣದ ಕಲ್ಯಾಣ ಮಂಟಪ ನಿಮ್ಮ ಕೆಲಸವೆಂದು ಗೊತ್ತಿದ್ದೇ ಒಪ್ಪಿಕೊಂಡೆ. ಮಾಲೀಕರು ಚಿಕ್ಕಬಸಪ್ಪನವರು, ಅವರ ಮಗಳ ಮದುವೆಯೇ ಅಲ್ಲಿ ಮೊದಲು ನಡೆಯಬೇಕಿತ್ತು. ನೀವು ಕೋಟೆಯಲ್ಲಿ ಇನ್ನೊಂದು ಕಟ್ಟಡದ ಹಿಂದೆ ಓಡಾಡುತ್ತಿದ್ದಿರಿ. ನಾವು ಮಹಡಿಯ ನೆಲ ತೊಳೆಯುತ್ತಿದ್ದಾಗ ನೀರು ಕೆಳಗಿನ ಊಟದ ಹಾಲ್‌ಗೆ ತೊಟ್ಟಿಕ್ಕಿತು. ತಲೆಯ ಮೇಲಿನ ಕಾಂಕ್ರೀಟ್ ಮೋಲ್ಡಿನ ಉದ್ದಕ್ಕೂ ಬಿರುಕು. ನೀವು ಅದಕ್ಕೆ ಬಿಳಿ ಸಿಮೆಂಟು ಮೆತ್ತಿ ಪೇಂಟು ಹೊಡೆಸಿದ್ದಿರಿ. ಮೆತ್ತಿದ್ದೆಲ್ಲ ನೆನೆದು ಚಕ್ಕೆ ಚಕ್ಕೆಯಾಗಿ ಊಟದ ಮೇಜುಗಳ ಮೇಲೆ ಬೀಳುವ ಹೊತ್ತಿಗೆ ಚಿಕ್ಕಬಸಪ್ಪನವರು ಒಳಗೆ ಬಂದರು. ಬೆರಳು ತೂರುವಷ್ಟು ಅಗಲದ ಬಿರುಕನ್ನು ಬಹಳ ಹೊತ್ತು ನೋಡಿ, "ಇದ್ರ ಕೆಳ್ಗೆ ನನ್ ಬೀಗರನ್ನ ಊಟಕ್ಕೆ ಕೂರುಸ್ತಿದ್ನಲ್ಲ" ಎಂದರು. ದನಿ ಏರಿಸಲಿಲ್ಲ. ನೀವು ಅಲ್ಲಿದ್ದು ಆ ದನಿ ಕೇಳಬೇಕಿತ್ತು.

ಮದುವೆ ಬೇರೆ ಕಡೆ ಆಯಿತು. ಇಂಜಿನಿಯರು ಬಂದು ಮೋಲ್ಡು ಒಡೆಯಲೇಬೇಕೆಂದರು. ಕೋಟೆಯ ಕೆಲಸವೂ ನಿಮ್ಮ ಕೈಬಿಟ್ಟಿತಂತೆ. ಖುಷಿಯಾಯಿತಾ ಎಂದು ಭದ್ರಮ್ಮ ಕೇಳಿದರು. ಆಯಿತು ಎಂದೆ. ಆ ದಿನ ಎರಡನೇ ಸಲ ಬಡಿಸಿಕೊಂಡು ಉಂಡೆ.

ಆಸಿಡ್‌ನಿಂದ ಮೋಲ್ಡು ಬಿರಿಯುವುದಿಲ್ಲವೆಂದು ನಿಮಗೂ ಗೊತ್ತು. ಆದರೂ ನಾನು ಒಪ್ಪಿಕೊಂಡರೆ ಜನ ನಂಬುತ್ತಾರೆ, ಆಮೇಲೆ ಯಾರೂ ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಒಂದು ಮನೆಯಿಂದ ನೀವು ನನ್ನನ್ನು ಹೊರಗಿಟ್ಟಿರಿ. ಎಲ್ಲರ ಮನೆಯಿಂದಲೂ ಹೊರಗುಳಿಯಲು ನಾನೇ ಬಾಯಿಬಿಟ್ಟು ಹೇಳಬೇಕೇ? ಹೇಳುವುದಿಲ್ಲ. ಹಿಂದಿನ ರೂಮಿನಲ್ಲಿ ನೀವೇ ಇರಿ.

ಇಂತಿ,
ಶಾಂತಲಾ

ಮರೆತಿದ್ದೆ: ಮಹಡಿಯ ನೀರು ಹೊರಹೋಗಲು ಕೊಳವೆ ಇತ್ತು. ಹಿಂದಿನ ದಿನ ಒಂದು ಬಕೆಟ್ಟು ಚೆಲ್ಲಿದಾಗಲೇ ಕೆಳಗೆ ತೊಟ್ಟಿಕ್ಕಿದ್ದನ್ನು ನೋಡಿದ್ದೆ. ಮರುದಿನ ಕೊಳವೆಗೆ ಗೋಣಿಚೀಲ ತುರುಕಿ ಮಹಡಿ ತುಂಬ ನೀರು ನಿಲ್ಲಿಸಿದವಳು ನಾನು. ಊಟದ ಹಾಲ್ ನೋಡಲು ಬನ್ನಿ ಎಂದು ಚಿಕ್ಕಬಸಪ್ಪನವರಿಗೆ ಫೋನು ಮಾಡಿದವಳೂ ನಾನೇ. ಈ ಕಾಗದವನ್ನು ಅವರಿಗೆ ತೋರಿಸಬೇಕೆನಿಸಿದರೆ ತೋರಿಸಿ. ಆದರೆ ಮೊದಲ ಪುಟದಿಂದ ತೋರಿಸಿ.